ಸವಾಯಿ ಗಂಧರ್ವ: ಸಂಗೀತ ನಾಟಕದ ಶೋಕ ಮತ್ತು ಕುಂದಗೋಳದ ಗುರುಮನೆ

ಉತ್ತರ ಕರ್ನಾಟಕದ ರಂಗಭೂಮಿಯ ಚರಿತ್ರೆಯನ್ನು ಕನ್ನಡ ನಾಟಕಕೃತಿಗಳ ಆಧಾರದಿಂದಷ್ಟೇ ರಚಿಸಿದರೆ ಒಂದು ಮುಖ್ಯ ಅಧ್ಯಾಯ ಕೈತಪ್ಪುತ್ತದೆ. ಮರಾಠಿ ಸಂಗೀತ ನಾಟಕದ ನಿರ್ಮಾಣದಲ್ಲಿ ಕನ್ನಡ ನೆಲದವರ ಪಾಲು ಗಣನೀಯವಾದುದು. ಅದರ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರು (೧೮೪೩-೧೮೮೫) ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರು ೧೮೮೨ರಲ್ಲಿ ರಂಗಕ್ಕೆ ತಂದ 'ಸೌಭದ್ರ'ದ ನಾಯಿಕೆಯಾಗಿ ಮುಂದೆ ಹೆಸರಾದವರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು.

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸಾಗುವ ರೈಲು ಮಾರ್ಗದಲ್ಲಿ ಕುಂದಗೋಳ, ಸಂಶಿ, ಗುಡಗೇರಿಗಳು ಒಂದರ ಹಿಂದೊಂದು ಬರುವ ಊರುಗಳು. ರಾಮಚಂದ್ರ ಗಣೇಶ ಸಂಶಿಯವರು ೧೮೮೬ರ ಜನವರಿ ೧೯ರಂದು ಕುಂದಗೋಳದಲ್ಲಿ ಜನಿಸಿದರು. ತಂದೆ ಊರಿನ ಜಮೀನುದಾರ ರಂಗನಗೌಡ ನಾಡಿಗೇರರಲ್ಲಿ ಕಾರಕೂನರಾಗಿದ್ದರು. ಬಾಲಕನ ಮನಸ್ಸು ಓದಿಗಿಂತ ಹಾಡಿನತ್ತ ವಾಲಿತು. ಬಲವಂತರಾವ್ ಕೊಲ್ಹಟಕರರಿಂದ ಧ್ರುಪದ, ತರಾನಾಗಳ ಮೊದಲ ಪಾಠವಾಯಿತು. ೧೮೯೮ರಲ್ಲಿ ಆ ಗುರು ತೀರಿಕೊಂಡರು. ಅನಂತರ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (೧೮೭೨-೧೯೩೭) ಎಂಟು ವರ್ಷ ಬಿಡದೆ ಕಲಿಯಬೇಕೆಂಬ ನಿಬಂಧನೆಯೊಡನೆ ಅವರನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು.

ರಾಮಭಾವು ಅವರದು ಸಹಜವಾಗಿ ಒಲಿದ ಕಂಠವಲ್ಲ. ಪ್ರಾಯದಲ್ಲಿ ಒಡೆದ ಧ್ವನಿಯನ್ನು ಅವರು ಸಾಧನೆಯಿಂದ ಪಳಗಿಸಿಕೊಂಡರು. ಕಚೇರಿಯ ಆರಂಭದಲ್ಲಿ ತಡವರಿಸುತ್ತಿದ್ದ ಸ್ವರ, ಹೊತ್ತು ಕಳೆದಂತೆ ಕಾವೇರಿ ತುಂಬಿಕೊಳ್ಳುತ್ತಿತ್ತು. ಇಂಥ ಕಂಠವನ್ನು ಹೊತ್ತು ಅವರು ನಾಟಕ ಕಂಪನಿ ಸೇರಿದ್ದು ಗುರುವಿಗೆ ರುಚಿಸಲಿಲ್ಲವೆಂಬುದು ಪ್ರತೀತಿ. ರಾಗದ ನಿಧಾನ ವಿಸ್ತಾರಕ್ಕೂ ರಂಗದ ಅವಸರಕ್ಕೂ ಇದ್ದ ವಿರೋಧವನ್ನು ನೆನೆದರೆ ಈ ಅಸಮಾಧಾನ ಅಕಾರಣವೆನಿಸದು.

ಸಂಗೀತ ನಾಟಕದಲ್ಲಿ ಪ್ರೇಮ ಮತ್ತು ತ್ಯಾಗಗಳ ಭಾರವನ್ನು ಹೊತ್ತವಳು ನಾಯಿಕೆ. 'ಸೌಭದ್ರ'ದ ಸುಭದ್ರೆ ಅರ್ಜುನನಲ್ಲಿ ಅನುರಕ್ತೆ. ಅಣ್ಣ ಬಲರಾಮನಿಗೆ ಅವಳನ್ನು ದುರ್ಯೋಧನನಿಗೆ ಕೊಡುವ ಹಂಬಲ. ಕೃಷ್ಣನ ಉಪಾಯದಿಂದ ಕಥೆ ಸುಖಾಂತವಾದರೂ, ಅಲ್ಲಿಯವರೆಗಿನ ಸುಭದ್ರೆಯ ಪದಗಳು ಕೈತಪ್ಪಲಿರುವ ಪ್ರೇಮದ ಅಳಲನ್ನೇ ಹಾಡುತ್ತವೆ. ಈ ಪರಂಪರೆ ನಿಜವಾದ ದುರಂತವನ್ನು ಮುಟ್ಟಿದ್ದು ರಾಮ ಗಣೇಶ ಗಡಕರಿಯವರ 'ಏಕಚ್ ಪ್ಯಾಲಾ' ನಾಟಕದಲ್ಲಿ. ಲೇಖಕರು ತೀರಿಕೊಂಡ ೧೯೧೯ರಲ್ಲಿಯೇ ಅದು ರಂಗವೇರಿತು. ಕುಡಿತಕ್ಕೆ ಬಲಿಯಾದ ಗಂಡನಿಗಾಗಿ ಜೀವ ತೇಯುವ ಸಿಂಧುವಿನ ಪಾತ್ರವನ್ನು ಬಾಲಗಂಧರ್ವರು (೧೮೮೮-೧೯೬೭) ವಹಿಸಿದ್ದರು. ಹೆಣ್ಣಿನ ದುಃಖವನ್ನು ಗಂಡಸಿನ ಕಂಠ ಹಾಡಬೇಕಾಗಿದ್ದ ಆ ಕಾಲದಲ್ಲಿ ರಾಮಭಾವು ಅವರಿಗೆ ದೊರೆತ ಬಿರುದೂ ಬಾಲಗಂಧರ್ವರ ಹೋಲಿಕೆಯಿಂದಲೇ ಬಂದುದು. ಸವಾಯಿ ಎಂದರೆ ಒಂದೂಕಾಲು ಪಾಲು. ಆದರೆ ಇಬ್ಬರ ದಾರಿ ಬೇರೆ. ಬಾಲಗಂಧರ್ವರ ಗಾನ ಅಭಿನಯದಲ್ಲಿ ಬೆರೆತಿತ್ತು. ಸವಾಯಿ ಗಂಧರ್ವರ ನಾಟ್ಯಪದದ ಬೆನ್ನಿಗೆ ಖಯಾಲಿನ ಶಿಸ್ತಿತ್ತು.

ಬಣ್ಣ ಕಳಚಿದ ಮೇಲೆ ಉಳಿದದ್ದು ಆ ಶಿಸ್ತೇ. ರಂಗಭೂಮಿಯಿಂದ ಹಿಂದೆ ಸರಿದ ಅವರು ಕಚೇರಿ ಮತ್ತು ಬೋಧನೆಗೆ ತಮ್ಮನ್ನು ಕೊಟ್ಟುಕೊಂಡರು. ೧೯೩೬ರ ಸುಮಾರಿಗೆ ಬಂದ ಭೀಮಸೇನ ಜೋಶಿಯವರು ಗುರುಮನೆಗೆ ನೀರು ಹೊತ್ತು ಕಲಿತರು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹಿಂದಿರುಗುತ್ತಿದ್ದರು. ಫಿರೋಜ್ ದಸ್ತೂರ್, ಬಸವರಾಜ ರಾಜಗುರು ಮೊದಲಾದವರೂ ಇದೇ ಮನೆಯ ಶಿಷ್ಯರು. ಹೆಣ್ಣಿನ ಪಾತ್ರಗಳಿಂದ ಹೆಸರಾದ ಗುರುವಿನ ವಿದ್ಯೆ ಗಂಗೂಬಾಯಿಯವರ ಗಂಭೀರ ಕಂಠದಲ್ಲಿ ಬೇರೊಂದು ಘನತೆ ಪಡೆದುದು ಗಮನಾರ್ಹ.

೧೯೪೦ರ ದಶಕದಲ್ಲಿ ಪಾರ್ಶ್ವವಾಯು ಬಡಿದು ಅವರ ಹಾಡುಗಾರಿಕೆ ನಿಂತುಹೋಯಿತು. ದಶಕಗಳ ಸಾಧನೆಯಿಂದ ಗೆದ್ದ ಕಂಠ ಹೀಗೆ ಮೌನವಾದುದು ಅವರು ಅಭಿನಯಿಸಿದ ಯಾವ ಶೋಕಕ್ಕಿಂತಲೂ ಕಡಿಮೆಯದಲ್ಲ. ೧೯೫೨ರ ಸೆಪ್ಟೆಂಬರ್ ೧೨ರಂದು ಅವರು ನಿಧನರಾದರು. ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಪುಣ್ಯತಿಥಿಯ ಅಹೋರಾತ್ರಿ ಸಂಗೀತದ ಪರಂಪರೆ ಬೆಳೆಯಿತು.

ಮರಾಠಿ ರಂಗದ ನಟ, ಹಿಂದುಸ್ತಾನಿ ಗಾಯಕ, ಕನ್ನಡ ನೆಲದ ಗುರು ಎಂಬ ಮೂರು ನೆಲೆಗಳನ್ನು ಬೇರೆ ಬೇರೆಯಾಗಿ ನೋಡಿದಷ್ಟು ಕಾಲ ಈ ಬದುಕು ಅಪೂರ್ಣವಾಗಿಯೇ ತೋರುತ್ತದೆ. ಅವನ್ನು ಕೂಡಿಸಿ ಓದುವ ಹೊಣೆ ಕನ್ನಡ ರಂಗಭೂಮಿಯ ಅಧ್ಯಯನಕ್ಕೂ ಸೇರಿದ್ದು.