ಸೈಟು ಕೊಳ್ಳುವ ಮುನ್ನ ಆಸ್ಟರ್ ಹಾಕುತ್ತಿದ್ದ ಲೆಕ್ಕ, ಅದರಲ್ಲಿ ಬಿಟ್ಟುಹೋದ ಲೆಕ್ಕ

ಬಾಡಿಗೆ ಬರುವ ಆಸ್ತಿ ಮಾಡ್ಕೊಳ್ಳಿ, ನಲವತ್ತಕ್ಕೆ ಕೆಲಸ ಬಿಟ್ಟು ಕೂತು ತಿನ್ನಿ ಅನ್ನುವ ರೀಲ್‌ಗಳು ನನ್ನ ಫೋನಿಗೂ ದಿನಾ ಬರ್ತವೆ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ನನಗೆ ಅವನ್ನು ನೋಡಿದಾಗಲೆಲ್ಲ ನೆನಪಾಗುವುದು 1848ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡ ಒಬ್ಬ ಮುದುಕ, ಜಾನ್ ಜೇಕಬ್ ಆಸ್ಟರ್. ಸಾಯುವಾಗ ಅವನ ಆಸ್ತಿ ಸುಮಾರು 2 ಕೋಟಿ ಡಾಲರ್. ಆ ಕಾಲದ ಅಮೆರಿಕದಲ್ಲಿ ಅಷ್ಟು ಹಣ ಇನ್ಯಾರ ಹತ್ತಿರವೂ ಇರಲಿಲ್ಲ. ರೀಲ್‌ನವರು ಹೇಳುವುದನ್ನೆಲ್ಲ ಅವನು ಇನ್ನೂರು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದ. ಅವರು ಹೇಳದೇ ಇರುವುದೂ ಅವನ ಬದುಕಿನಲ್ಲಿದೆ.

ಆಸ್ಟರ್ ಹುಟ್ಟಿದ್ದು 1763ರಲ್ಲಿ, ಜರ್ಮನಿಯ ವಾಲ್‌ಡಾರ್ಫ್ ಎಂಬ ಹಳ್ಳಿಯಲ್ಲಿ, ಒಬ್ಬ ಕಸಾಯಿಯ ಮಗನಾಗಿ. ಲಂಡನ್ನಿಗೆ ಹೋಗಿ ಅಣ್ಣನ ಜೊತೆ ವಾದ್ಯ ತಯಾರಿಕೆಯಲ್ಲಿ ದುಡಿದ. ಇಪ್ಪತ್ತರ ವಯಸ್ಸಿನಲ್ಲಿ ಒಂದಷ್ಟು ಕೊಳಲುಗಳನ್ನು ಮಾರಲು ಹಿಡಿದುಕೊಂಡು ಅಮೆರಿಕದ ಹಡಗು ಹತ್ತಿದ. ನ್ಯೂಯಾರ್ಕಿನಲ್ಲಿ ಸಾರಾ ಟಾಡ್‌ಳನ್ನು ಮದುವೆಯಾಗಿ ಅವಳ ತಾಯಿಯ ಮನೆಯಲ್ಲೇ ಅಂಗಡಿ ಶುರು ಮಾಡಿದ. ತುಪ್ಪಳದ ಗುಣ ಅಳೆಯುವುದರಲ್ಲಿ ಸಾರಾ ಗಂಡನಿಗಿಂತ ಒಂದು ಕೈ ಮೇಲಿದ್ದಳಂತೆ. ಚರಿತ್ರೆಯ ಪುಸ್ತಕಗಳು ಅವಳಿಗೆ ಕೊಡುವುದು ಎರಡು ಸಾಲು, ನಾನೂ ಹೆಚ್ಚು ಕೊಡಲಿಲ್ಲ.

ಮೊದಲ ದುಡ್ಡು ತುಪ್ಪಳದ್ದು. 1808ರಲ್ಲಿ ಅಮೆರಿಕನ್ ಫರ್ ಕಂಪನಿ ಕಟ್ಟಿದ. ಕಾಡಿನ ಮೂಲನಿವಾಸಿಗಳಿಗೆ ಮದ್ಯ ಕುಡಿಸಿ, ಸಾಲದಲ್ಲಿ ಸಿಕ್ಕಿಸಿ ತುಪ್ಪಳ ಕಿತ್ತುಕೊಳ್ಳುವುದು ಆ ವ್ಯಾಪಾರದ ರೂಢಿ. ಚೀನಾಕ್ಕೆ ತುಪ್ಪಳ ಹೋಗುತ್ತಿತ್ತು, ನಡುವೆ ಒಂದಷ್ಟು ಟರ್ಕಿಯ ಅಫೀಮೂ ಹೋಯಿತು. ಆ ಕತೆಗೆ ಇನ್ನೊಂದು ಲೇಖನವೇ ಬೇಕು. ನನಗೆ ಇಲ್ಲಿ ಮುಖ್ಯ, ಬಂದ ದುಡ್ಡನ್ನು ಅವನು ಎಲ್ಲಿ ಹೂತ ಅನ್ನುವುದು.

ಹೂತಿದ್ದು ಮ್ಯಾನ್‌ಹಾಟನ್ ದ್ವೀಪದ ಮಣ್ಣಿನಲ್ಲಿ. 1800ರಲ್ಲಿ ನ್ಯೂಯಾರ್ಕಿನ ಜನಸಂಖ್ಯೆ 60 ಸಾವಿರ ಚಿಲ್ಲರೆ. ಊರೆಲ್ಲ ದ್ವೀಪದ ದಕ್ಷಿಣ ತುದಿಯಲ್ಲಿ ಮುದುಡಿಕೊಂಡಿತ್ತು, ಉತ್ತರಕ್ಕೆ ಹೊಲ, ತೋಟ, ಜೌಗು. ಆಸ್ಟರ್ ಊರೊಳಗೆ ಕೊಳ್ಳುವುದಕ್ಕಿಂತ ಊರು ಮುಂದೆ ಕಾಲಿಡುವ ಕಡೆ ಕೊಳ್ಳುತ್ತಿದ್ದ. ಇದರ ಬಗ್ಗೆ ಒಂದು ಕತೆ ಇದೆ. ವಾಲ್ ಸ್ಟ್ರೀಟ್ ಬಳಿಯ ಒಂದು ಸೈಟನ್ನು ಎಂಟು ಸಾವಿರ ಡಾಲರಿಗೆ ಮಾರಿದನಂತೆ. ಕೆಲವೇ ವರ್ಷದಲ್ಲಿ ಇದು ಹನ್ನೆರಡು ಸಾವಿರ ಆಗುತ್ತೆ, ಮುದುಕ ಮೋಸ ಹೋದ ಅಂತ ಕೊಂಡವನು ನಕ್ಕನಂತೆ. ಇದೇ ಎಂಟು ಸಾವಿರಕ್ಕೆ ಕೆನಾಲ್ ಸ್ಟ್ರೀಟಿನ ಆಚೆ ಎಂಬತ್ತು ಸೈಟು ಬರುತ್ತೆ, ನಿನ್ನದು ಹನ್ನೆರಡು ಸಾವಿರ ಆಗುವ ಹೊತ್ತಿಗೆ ನನ್ನವು ಎಂಬತ್ತು ಸಾವಿರ ಆಗಿರ್ತವೆ ಅನ್ನುವುದು ಆಸ್ಟರನ ಲೆಕ್ಕ.

1803ರಲ್ಲಿ ಈಡನ್ ಎಂಬವರ ಜಮೀನು ಅಡಮಾನದ ಸಾಲ ತೀರದೆ ಕೈಬಿಟ್ಟಾಗ, ಆಸ್ಟರ್ ಮತ್ತು ಒಬ್ಬ ಪಾಲುದಾರ ಸೇರಿ ಸುಮಾರು 70 ಎಕರೆಯನ್ನು 25 ಸಾವಿರ ಡಾಲರಿಗೆ ಹಿಡಿದರು. ಅಲ್ಲಿ ಇವತ್ತು ಟೈಮ್ಸ್ ಸ್ಕ್ವೇರ್ ಇದೆ.

ಅವನ ಇನ್ನೊಂದು ಗುಣ ಪತ್ರ ಓದುವುದು. ಈಗ ನಾವು ಮೂಲಪತ್ರ ನೋಡಿ, ಇಸಿ ತೆಗೆಸಿ, ಖಾತಾ ಯಾವುದು ಕೇಳಿ ಅನ್ನುತ್ತೇವಲ್ಲ, ಅದರಲ್ಲಿ ಅವನು ರಾಕ್ಷಸ. ನ್ಯೂಯಾರ್ಕಿನ ಉತ್ತರಕ್ಕಿರುವ ಪುಟ್ನಮ್ ಕೌಂಟಿಯಲ್ಲಿ ಸುಮಾರು 51 ಸಾವಿರ ಎಕರೆ ಜಮೀನು ಮಾರಿಸ್ ಎಂಬ ದಂಪತಿಯದ್ದಾಗಿತ್ತು. ಸ್ವಾತಂತ್ರ್ಯ ಯುದ್ಧದಲ್ಲಿ ಅವರು ಬ್ರಿಟಿಷರ ಪರ ಇದ್ದದ್ದಕ್ಕೆ ರಾಜ್ಯ ಸರ್ಕಾರ ಅದನ್ನು ಜಪ್ತಿ ಮಾಡಿ ರೈತರಿಗೆ ಮಾರಿಬಿಟ್ಟಿತು. ಆದರೆ ಮದುವೆಯ ಕಾಲದ ಒಪ್ಪಂದವೊಂದರ ಪ್ರಕಾರ ದಂಪತಿಗೆ ಇದ್ದದ್ದು ಬದುಕಿರುವ ತನಕ ಅನುಭವಿಸುವ ಹಕ್ಕು ಮಾತ್ರ. ಆಮೇಲೆ ಅದು ಮಕ್ಕಳದ್ದು. ಅಂದರೆ ಸರ್ಕಾರ ಜಪ್ತಿ ಮಾಡಿದ್ದೂ ಅಷ್ಟನ್ನೇ. ಆಸ್ಟರ್ 1809ರಲ್ಲಿ ಮಕ್ಕಳ ಹಕ್ಕನ್ನು 20 ಸಾವಿರ ಪೌಂಡಿಗೆ ಕೊಂಡು ಸುಮ್ಮನೆ ಕೂತ. ವಿಧವೆ ಮೇರಿ ಮಾರಿಸ್ 1825ರಲ್ಲಿ ತೀರಿಕೊಂಡಳು. ಆಮೇಲೆ ದಾವೆ ಶುರು. ದಶಕಗಳಿಂದ ಉತ್ತಿ ಬಿತ್ತಿ ಮನೆ ಕಟ್ಟಿಕೊಂಡಿದ್ದ ನೂರಾರು ಕುಟುಂಬಗಳಿಗೆ ತಮ್ಮ ಜಮೀನು ತಮ್ಮದಲ್ಲವೇನೋ ಅನ್ನುವ ನಡುಕ. ಕೊನೆಗೆ ಗೆದ್ದದ್ದು ಆಸ್ಟರ್. ರೈತರನ್ನು ಎಬ್ಬಿಸುವ ಬದಲು ರಾಜ್ಯವೇ ಅವನಿಗೆ ಸುಮಾರು 5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕಾನೂನಿನ ಪ್ರಕಾರ ಒಂದಕ್ಷರ ತಪ್ಪಿಲ್ಲ. ಕೊಟ್ಟದ್ದು ಮಾತ್ರ ತೆರಿಗೆ ಕಟ್ಟುವವರ ದುಡ್ಡು.

ಇನ್ನು ಬಾಡಿಗೆಯ ವಿಷಯ. ಬಹುಪಾಲು ಜಾಗಗಳಲ್ಲಿ ಆಸ್ಟರ್ ತಾನು ಕಟ್ಟಡ ಕಟ್ಟಲಿಲ್ಲ. ನೆಲವನ್ನು ಸೈಟುಗಳಾಗಿ ಒಡೆದು 21 ವರ್ಷದ ಗುತ್ತಿಗೆಗೆ ಕೊಡುತ್ತಿದ್ದ. ಕಟ್ಟುವ ಖರ್ಚು ಗುತ್ತಿಗೆದಾರನದು, ತೆರಿಗೆಯೂ ಅವನದೇ, ಖಾಲಿ ಬಿದ್ದರೆ ನಷ್ಟವೂ ಅವನದು. ಅವಧಿ ಮುಗಿದಾಗ ಕರಾರು ಹೇಗಿದೆಯೋ ಹಾಗೆ, ಕಟ್ಟಡ ಆಸ್ಟರನ ಪಾಲಾಗುತ್ತಿತ್ತು, ಇಲ್ಲವೇ ಅಂದಿನ ಬೆಲೆಗೆ ತಕ್ಕಂತೆ ಹೊಸ ಬಾಡಿಗೆ ಬರುತ್ತಿತ್ತು. ಇದು ಎಷ್ಟು ಜಾಣ ಏರ್ಪಾಡು ಅಂತ ತಿಳಿಯಬೇಕಾದರೆ ನಮ್ಮ ಲೆಕ್ಕ ಹಾಕಿ ನೋಡಿ. ಒಂದು ಕೋಟಿ ಕೊಟ್ಟು ಫ್ಲಾಟ್ ಕೊಂಡಿರಿ, ತಿಂಗಳಿಗೆ 25 ಸಾವಿರ ಬಾಡಿಗೆ ಬರುತ್ತೆ ಅಂದುಕೊಳ್ಳಿ. ವರ್ಷಕ್ಕೆ ಮೂರು ಲಕ್ಷ, ಅಂದರೆ ನೂರಕ್ಕೆ ಮೂರು. ಇದರಲ್ಲಿ ಆಸ್ತಿ ತೆರಿಗೆ, ಮೇಂಟೆನೆನ್ಸ್, ಬಣ್ಣ, ಬಾಡಿಗೆದಾರ ಬಿಟ್ಟುಹೋಗಿ ಖಾಲಿ ಬೀಳುವ ಒಂದೆರಡು ತಿಂಗಳು ಕಳೆಯಿರಿ. ಎರಡು ಲಕ್ಷದ ಆಸುಪಾಸಿಗೆ ಇಳಿಯುತ್ತೆ. ಆ ಕೋಟಿಯಲ್ಲಿ 80 ಲಕ್ಷ ಸಾಲವಾಗಿದ್ದು ಬಡ್ಡಿ ಎಂಟೂವರೆ ಇದ್ದರೆ, ಮೊದಲ ವರ್ಷದ ಬಡ್ಡಿಯೊಂದೇ ಏಳು ಲಕ್ಷಕ್ಕೆ ಹತ್ತಿರ. ರೀಲ್‌ನಲ್ಲಿ ತೋರಿಸುವುದು ಮೊದಲಿನ ಮೂರು ಲಕ್ಷವನ್ನು. ಈ ಕಳೆಯುವ ಸಾಲುಗಳನ್ನೆಲ್ಲ ಆಸ್ಟರ್ ಗುತ್ತಿಗೆದಾರನ ಹೆಗಲಿಗೆ ದಾಟಿಸಿದ್ದ. ಕೊಳ್ಳಲು ಸಾಲವನ್ನೂ ಅವನು ನೆಚ್ಚಿಕೊಂಡಿರಲಿಲ್ಲ, ತುಪ್ಪಳದ ನಗದು ಕೈಯಲ್ಲಿತ್ತು.

ನೆಲವೇ ತನ್ನದಲ್ಲದ ಕಡೆಯೂ ಅವನು ದುಡಿಸಿಕೊಂಡ. ಟ್ರಿನಿಟಿ ಚರ್ಚಿನ ಒಂದು ದೊಡ್ಡ ಜಾಗ 1767ರಿಂದ 99 ವರ್ಷದ ಗುತ್ತಿಗೆಯಲ್ಲಿತ್ತು. ಅದು ಕೈ ಬದಲಾಗುತ್ತಾ ದೇಶದ ಉಪಾಧ್ಯಕ್ಷ ಏರನ್ ಬರ್‌ನ ಹತ್ತಿರ ಬಂತು. ಸಾಲದಲ್ಲಿ ಮುಳುಗಿದ್ದ ಬರ್, 1804ರ ದ್ವಂದ್ವಯುದ್ಧದಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನನ್ನು ಕೊಂದು ಊರು ಬಿಟ್ಟ. ಗುತ್ತಿಗೆ ಆಸ್ಟರನ ಕೈ ಸೇರಿತು. ಅದನ್ನು ನೂರಾರು ತುಂಡು ಮಾಡಿ ಮರುಬಾಡಿಗೆಗೆ ಬಿಟ್ಟ. ಚರ್ಚಿಗೆ ಹಳೇ ಕಾಲದ ಜುಜುಬಿ ಬಾಡಿಗೆ ಹೋಗುತ್ತಿತ್ತು, ಇವನಿಗೆ ಬೆಳೆಯುತ್ತಿದ್ದ ಊರಿನ ಬಾಡಿಗೆ ಬರುತ್ತಿತ್ತು. ಗುತ್ತಿಗೆಯಲ್ಲಿ ಇನ್ನೆಷ್ಟು ವರ್ಷ ಉಳಿದಿದೆ ಅನ್ನುವ ಒಂದೇ ಪ್ರಶ್ನೆಯ ಮೇಲೆ ನಿಂತ ವ್ಯಾಪಾರ ಅದು.

ವಾಣಿಜ್ಯ ಕಟ್ಟಡದ ವಿಷಯದಲ್ಲಿ ಮಾತ್ರ ಅವನ ಕೈಯೂ ಸ್ವಲ್ಪ ಸಡಿಲ. ಬ್ರಾಡ್‌ವೇ ರಸ್ತೆಯಲ್ಲಿ ಆಸ್ಟರ್ ಹೌಸ್ ಎಂಬ ಭಾರಿ ಹೋಟೆಲ್ ಕಟ್ಟಲು ಸಾಲುಮನೆಗಳನ್ನೆಲ್ಲ ಕೊಂಡ. ಕೊನೆಯ ನೆರೆಯವನು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ, ಅವನಿಗೆ ಮಾರುಕಟ್ಟೆ ಬೆಲೆಗಿಂತ ಬಹಳ ಮೇಲೆ ಕೊಟ್ಟು ಒಪ್ಪಿಸಬೇಕಾಯಿತು. ಹೋಟೆಲ್ 1836ರಲ್ಲಿ ಬಾಗಿಲು ತೆರೆಯಿತು. ಮರುವರ್ಷವೇ ದೇಶಕ್ಕೆ ಆರ್ಥಿಕ ಕುಸಿತ ಬಂತು. ಬ್ಯಾಂಕುಗಳು ಮುಳುಗಿದವು, ಸಾಲ ಮಾಡಿ ಸೈಟು ಕೊಂಡವರು ಬೀದಿಗೆ ಬಿದ್ದರು. ಆಸ್ಟರ್ ಅಡಮಾನಗಳನ್ನು ಜಪ್ತಿ ಮಾಡಿಕೊಂಡು, ನೆಲಕಚ್ಚಿದ ಬೆಲೆಗೆ ಇನ್ನಷ್ಟು ಕೊಂಡ.

ಅವನ ಜಾಗಗಳಲ್ಲಿ ಯಾರು ಬದುಕಿದರು ಅಂತ ನೋಡಿದರೆ ಈ ಜಾಣತನದ ಇನ್ನೊಂದು ಮುಖ ಕಾಣುತ್ತೆ. ನೀವು ಗುತ್ತಿಗೆದಾರ ಅಂದುಕೊಳ್ಳಿ. 25 ಅಡಿ ಅಗಲ, 100 ಅಡಿ ಉದ್ದದ ಸೈಟು. 21 ವರ್ಷದಲ್ಲಿ ಕಟ್ಟಡ ಕೈ ತಪ್ಪಬಹುದು. ಗಟ್ಟಿಯಾಗಿ ಯಾಕೆ ಕಟ್ಟುತ್ತೀರಿ? ಅಗ್ಗಕ್ಕೆ ಕಟ್ಟಿ, ಗೋಡೆ ಹಾಕಿ ಕೋಣೆ ಹೆಚ್ಚಿಸಿ, ಆದಷ್ಟು ಜನರನ್ನು ತುಂಬುತ್ತೀರಿ. ಐರ್ಲೆಂಡಿನಿಂದ, ಜರ್ಮನಿಯಿಂದ ಬಂದಿಳಿದ ಕೂಲಿಗಳು ಗಾಳಿ ಬೆಳಕಿಲ್ಲದ ವಠಾರಗಳಲ್ಲಿ ಕೊಳೆತದ್ದರ ಹಿಂದೆ ಈ ಕರಾರೂ ಇತ್ತು. ಮಗ ವಿಲಿಯಂ ಆಸ್ಟರನ ಕಾಲಕ್ಕೆ ಅದು ಊರಿಗೇ ಗೊತ್ತಿದ್ದ ಹಗರಣ. ನಮ್ಮಲ್ಲಿ 30x40 ಸೈಟಿನ ಮೇಲೆ ಐದಂತಸ್ತು ಎಬ್ಬಿಸಿದ ಪಿಜಿಗಳಲ್ಲಿ ಇದ್ದವರಿಗೆ ಈ ಗಣಿತ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗಾಲದಲ್ಲಿ ಆಸ್ಟರನ ಮೈಯಲ್ಲಿ ಕಸುವಿರಲಿಲ್ಲ. ರಕ್ತ ಓಡಾಡಲಿ ಅಂತ ಆಳುಗಳು ಅವನನ್ನು ಕಂಬಳಿಯಲ್ಲಿ ಮಲಗಿಸಿ ತೂಗುತ್ತಿದ್ದರಂತೆ. ಸತ್ತ ಮೇಲೆ ಬಂದ ಒಂದು ಜೀವನಚರಿತ್ರೆಯಲ್ಲಿರುವ ಪ್ರಸಂಗ ಇದು: ಕಂಬಳಿಯಲ್ಲಿ ತೂಗಾಡುತ್ತಲೇ, ಒಬ್ಬ ಬಡ ಹೆಂಗಸಿನ ಬಾಡಿಗೆ ಬಂತಾ ಅಂತ ಏಜೆಂಟನನ್ನು ಕೇಳಿದ. ಅವಳ ಕೈಯಲ್ಲಿ ಏನೂ ಇಲ್ಲ ಅಂದರೂ ಬಿಡಲಿಲ್ಲ. ಏಜೆಂಟ್ ಹೋಗಿ ಮಗನಿಗೆ ಹೇಳಿದ. ವಿಲಿಯಂ ತನ್ನ ಜೇಬಿನಿಂದ ತೆಗೆದುಕೊಟ್ಟು, ಅವಳೇ ಕಟ್ಟಿದಳು ಅಂತ ಹೇಳಿಸಿದ. ಸರಿಯಾಗಿ ಕೇಳಿದರೆ ಕೊಡ್ತಾಳೆ ಅಂತ ನಾನು ಹೇಳಿರಲಿಲ್ವಾ ಅನ್ನುವ ಹಾಗೆ ಮುದುಕ ಖುಷಿಪಟ್ಟನಂತೆ.

1848ರ ಮಾರ್ಚ್ 29ರಂದು ಅವನು ಸತ್ತ. ಉಯಿಲು ಹೊರಬಂದಾಗ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಸಂಪಾದಕ ಜೇಮ್ಸ್ ಗಾರ್ಡನ್ ಬೆನೆಟ್ ಒಂದು ವಾದ ಮುಂದಿಟ್ಟ. ಈ ಆಸ್ತಿಯ ಅರ್ಧ ಬೆಲೆ ಬೆಳೆದದ್ದು ಐವತ್ತು ವರ್ಷ ನ್ಯೂಯಾರ್ಕಿನ ಜನ ದುಡಿದದ್ದರಿಂದ, ವ್ಯಾಪಾರ ಮಾಡಿದ್ದರಿಂದ, ಆದ್ದರಿಂದ ಅರ್ಧ ಊರಿಗೇ ಸೇರಬೇಕು ಅಂತ. ಬೆನೆಟ್ ಸಮಾಜವಾದಿಯೇನೂ ಅಲ್ಲ, ಪೇಪರ್ ಮಾರುವ ಜಾಣ. ಆದರೂ ಈ ವಾದವನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ಆಸ್ಟರ್ 1803ರಲ್ಲಿ ಕೊಂಡ ತೋಟದ ಮೇಲೆ 1811ರಲ್ಲಿ ಚೌಕಾಕಾರದ ಬೀದಿಗಳ ನಕ್ಷೆ ಎಳೆದದ್ದು ರಾಜ್ಯ ನೇಮಿಸಿದ ಆಯೋಗ. 1825ರಲ್ಲಿ ತೆರೆದುಕೊಂಡ ಈರಿ ಕಾಲುವೆ ಒಳನಾಡಿನ ಧಾನ್ಯವನ್ನೆಲ್ಲ ನ್ಯೂಯಾರ್ಕ್ ಬಂದರಿಗೆ ಹರಿಸಿತು, ಅದನ್ನು ತೋಡಿಸಿದ್ದೂ ರಾಜ್ಯವೇ. 1850ರ ಹೊತ್ತಿಗೆ ಊರಿನ ಜನ 5 ಲಕ್ಷ ದಾಟಿದ್ದರು. ಊರು ಯಾವ ಕಡೆ ನಡೆಯುತ್ತೆ ಅಂತ ಆಸ್ಟರ್ ಸರಿಯಾಗಿ ಊಹಿಸಿದ, ಆ ಜಾಣತನ ಅವನದೇ. ನಡೆದದ್ದು ಊರು. ಮೆಟ್ರೋ ಬರ್ತಿದೆ ಸಾರ್, ಈಗಲೇ ತಗೊಳ್ಳಿ ಅಂತ ಬ್ರೋಕರ್ ಹೇಳುವಾಗ ಅವನು ಮಾರುತ್ತಿರುವುದೂ ಇದನ್ನೇ, ನಮ್ಮ ತೆರಿಗೆಯ ಹಳಿಯನ್ನು.

ಬೆನೆಟ್ ಕೇಳಿದ ಅರ್ಧ ಸಿಗಲಿಲ್ಲ. ಆಸ್ತಿಯ ಬಹುಪಾಲು ವಿಲಿಯಂಗೆ ಹೋಯಿತು. ಊರಿಗೆ ಬಂದದ್ದು ಒಂದು ಗ್ರಂಥಾಲಯ ಕಟ್ಟಲು 4 ಲಕ್ಷ ಡಾಲರ್, ಅಂದರೆ ನೂರಕ್ಕೆ ಎರಡು. ಆಸ್ಟರ್ ಲೈಬ್ರರಿ 1854ರಲ್ಲಿ ತೆರೆಯಿತು. ಪುಸ್ತಕ ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ಓದಬೇಕು. ಕತ್ತಲಾಗುವ ಮೊದಲೇ ಬಾಗಿಲು ಹಾಕುತ್ತಿದ್ದರು. ದಿನವಿಡೀ ದುಡಿದು ಆ ವಠಾರಗಳಿಗೆ ಬಾಡಿಗೆ ಕಟ್ಟುತ್ತಿದ್ದವರು ಕೆಲಸ ಮುಗಿಸಿ ಬರುವ ಹೊತ್ತಿಗೆ ಅದು ಮುಚ್ಚಿರುತ್ತಿತ್ತು.