ಸರ್ ನಾರಾಯಣ ಗಣೇಶ ಚಂದಾವರ್ಕರ್: ನ್ಯಾಯಪೀಠ ಮತ್ತು ಪ್ರಾರ್ಥನೆ

ಶರಾವತಿಯು ಕಡಲನ್ನು ಕೂಡುವ ಹೊನ್ನಾವರದಲ್ಲಿ, 1855ನೆಯ ಡಿಸೆಂಬರ್ 2ರಂದು, ಸಾರಸ್ವತ ಮನೆತನವೊಂದರಲ್ಲಿ ನಾರಾಯಣ ಗಣೇಶ ಚಂದಾವರ್ಕರರು ಜನಿಸಿದರು. ಅಂದು ಆ ಸೀಮೆ ಮದರಾಸು ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ ಅಲ್ಲಿಯ ತರುಣರ ವಿದ್ಯೆಯ ಹಾದಿ ಮುಂಬಯಿಯತ್ತ ತಿರುಗಿತು. ಹುಟ್ಟೂರನ್ನು ಬಿಟ್ಟು ಮಹಾನಗರದಲ್ಲಿ ಬೇರೂರುವ ಈ ಬಾಳು ತಾರ್ನಾಕದ ಕನ್ನಡಿಗರಿಗೆ ಅಪರಿಚಿತವೇನೂ ಅಲ್ಲ.

ಮುಂಬಯಿಯಲ್ಲಿ ಅವರ ಸೋದರಮಾವ ಶಾಮರಾವ್ ವಿಠಲ ಕೈಕಿಣಿಯವರು ಹೆಸರಾಂತ ವಕೀಲರು. ಮುಂದೆ 1906ರಲ್ಲಿ ಸ್ಥಾಪಿತವಾದ ಸಹಕಾರಿ ಬ್ಯಾಂಕು ಅವರ ಹೆಸರನ್ನೇ ಹೊತ್ತಿತು. ನಾರಾಯಣರಾಯರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಕಲಿತು, 1881ರಲ್ಲಿ ಕಾನೂನು ಪದವಿಯನ್ನು ಪಡೆದರು. 'ಇಂದುಪ್ರಕಾಶ' ಪತ್ರಿಕೆಯ ಇಂಗ್ಲಿಷ್ ವಿಭಾಗಕ್ಕೆ ಹಲವು ವರ್ಷ ಸಂಪಾದಕರಾಗಿದ್ದರು.

1885ರಲ್ಲಿ ಬ್ರಿಟನ್ನಿನ ಮಹಾಚುನಾವಣೆಗೆ ಮುನ್ನ ಭಾರತದ ಅಹವಾಲನ್ನು ಅಲ್ಲಿಯ ಮತದಾರರ ಮುಂದಿಡಲು ಮೂವರನ್ನು ಕಳುಹಿಸಲಾಯಿತು. ಬಂಗಾಳದಿಂದ ಮನಮೋಹನ ಘೋಷ್, ಮದರಾಸಿನಿಂದ ಸೇಲಂ ರಾಮಸ್ವಾಮಿ ಮುದಲಿಯಾರ್, ಮುಂಬಯಿಯಿಂದ ಚಂದಾವರ್ಕರ್. ಸಮುದ್ರಯಾನವೇ ಜಾತಿಭ್ರಷ್ಟತೆಯೆಂದು ಎಣಿಸುತ್ತಿದ್ದ ಕಾಲವದು. ಮೂವತ್ತರ ವಯಸ್ಸಿನ ಕರಾವಳಿಯ ಬ್ರಾಹ್ಮಣ ತರುಣನಿಗೆ ಹಡಗನ್ನೇರುವುದು ಸಣ್ಣ ನಿರ್ಧಾರವಾಗಿರಲಿಲ್ಲ.

1900ರ ಡಿಸೆಂಬರಿನಲ್ಲಿ ಅವರು ಲಾಹೋರ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಆ ವೇಳೆಗೇ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶ ಪದವಿ ಅವರನ್ನು ಅರಸಿಕೊಂಡು ಬಂದಿತು. ದೇಶದ ರಾಜಕೀಯದಲ್ಲಿ ಅತ್ಯುನ್ನತ ಪೀಠವನ್ನೇರಿದವರು ಮರುವರ್ಷವೇ ರಾಜಕೀಯದಲ್ಲಿ ಮೌನ ತಳೆಯಬೇಕಾಯಿತು. ಇದನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ ಹೇಳುವುದು ಕಷ್ಟ. ಹಿಂದೂ ಧರ್ಮಶಾಸ್ತ್ರದ ಮೊಕದ್ದಮೆಗಳಲ್ಲಿ ಅವರು ಮಿತಾಕ್ಷರಾ, ವ್ಯವಹಾರಮಯೂಖಗಳಂಥ ಮೂಲಗ್ರಂಥಗಳ ಆಶಯವನ್ನೇ ಅರಸಿದರು.

ರಾಜಕೀಯದ ಬಾಗಿಲು ಮುಚ್ಚಿತಾದರೂ ಇನ್ನೊಂದು ತೆರೆದೇ ಇತ್ತು. 1901ರ ಜನವರಿಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ತೀರಿಕೊಂಡರು. ಅವರ ತರುವಾಯ ಪ್ರಾರ್ಥನಾ ಸಮಾಜದ ಅಧ್ಯಕ್ಷಸ್ಥಾನವು ಚಂದಾವರ್ಕರರಿಗೆ ಬಂದು ಕೊನೆಯವರೆಗೂ ಅವರಲ್ಲೇ ಉಳಿಯಿತು. ವಾರವೆಲ್ಲ ನ್ಯಾಯಪೀಠದಲ್ಲಿ ವಾದಿ ಪ್ರತಿವಾದಿಗಳ ಅಹವಾಲು ಕೇಳುತ್ತಿದ್ದವರು ಗಿರಗಾಂವದ ಸಮಾಜಮಂದಿರದಲ್ಲಿ ಭಕ್ತಿಯ ಉಪನ್ಯಾಸಕ್ಕೆ ನಿಲ್ಲುತ್ತಿದ್ದರು. ಸಮಾಜದ ಉಪಾಸನೆ ನಿರಾಕಾರನೂ ಏಕನೂ ಆದ ದೇವನದು. ಆದರೆ ತುಕಾರಾಮಾದಿ ಸಂತರ ಅಭಂಗಗಳನ್ನು ಅದು ಕೈಬಿಡಲಿಲ್ಲ. ನವರಾತ್ರಿಯಲ್ಲಿ ದೇವಿಯ ಮೂರ್ತಿಯನ್ನು ಅಲಂಕರಿಸುವ ಮನೆಗಳಿಗೂ ಆ ಅಭಂಗಗಳು ಪರಕೀಯವಲ್ಲ.

ಅವರ ಪಾಲಿಗೆ ಪ್ರಾರ್ಥನೆಯು ಮಂದಿರದ ಬಾಗಿಲಲ್ಲಿ ಮುಗಿಯುತ್ತಿರಲಿಲ್ಲ. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಅಸ್ಪೃಶ್ಯರೆನಿಸಿದವರ ವಿದ್ಯೆ ಮತ್ತು ಏಳಿಗೆಗಾಗಿ 1906ರಲ್ಲಿ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದಾಗ ಅಧ್ಯಕ್ಷರಾಗಿ ನಿಂತವರು ಈ ಹೈಕೋರ್ಟಿನ ನ್ಯಾಯಮೂರ್ತಿಗಳೇ. ಜಾತಿಯ ಕಟ್ಟು ಇಷ್ಟು ಬಿಗಿಯಾಗಿದ್ದಾಗ, ಅಂಥ ಪದವಿಯಲ್ಲಿದ್ದವರು ತಮ್ಮ ಹೆಸರನ್ನು ಕೊಟ್ಟದ್ದೇ ಒಂದು ತೀರ್ಪಿನಂತಿತ್ತು.

ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಸ್ಥಾನ, 1910ರಲ್ಲಿ 'ಸರ್' ಪದವಿ, 1913ರಲ್ಲಿ ನ್ಯಾಯಪೀಠವನ್ನು ತ್ಯಜಿಸಿ ಇಂದೋರ್ ಸಂಸ್ಥಾನದ ದಿವಾನಗಿರಿ: ಇವೆಲ್ಲ ಒಂದರ ಹಿಂದೊಂದು ಬಂದವು. ರಾಜಕೀಯಕ್ಕೆ ಮರಳಿದಾಗ ಗಾಳಿ ಬದಲಾಗಿತ್ತು. ಅವರು ಮಿತವಾದಿಗಳ ಪಾಳಯದಲ್ಲೇ ಉಳಿದರು. ಆದರೂ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ಕುರಿತ ಹಂಟರ್ ಸಮಿತಿಯ ವರದಿಯನ್ನು ಪ್ರತಿಭಟಿಸಲು 1920ರಲ್ಲಿ ಮುಂಬಯಿಯಲ್ಲಿ ಸೇರಿದ ಸಭೆಗೆ ಅಧ್ಯಕ್ಷರಾದವರು ಅವರೇ. 1921ರಲ್ಲಿ ಸುಧಾರಿತ ಮುಂಬಯಿ ವಿಧಾನ ಪರಿಷತ್ತಿನ ಮೊದಲ ಅಧ್ಯಕ್ಷರಾದರು.

ಆ ಅಧಿಕಾರದಲ್ಲಿದ್ದಾಗಲೇ, 1923ನೆಯ ಮೇ 14ರಂದು, ಬೆಂಗಳೂರಿನಲ್ಲಿ ಅವರು ದೇಹವಿಟ್ಟರು. ಬಾಳಿನ ಬಹುಭಾಗವನ್ನು ಮುಂಬಯಿಗೆ ಸಲ್ಲಿಸಿದವರಿಗೆ ಕೊನೆಯ ಉಸಿರು ಕನ್ನಡ ನೆಲದಲ್ಲೇ ಒದಗಿತು.