ಕಾರಿನ ಜನಕ ಕಾರ್ಲ್ ಬೆಂಜ್: 954 ಸಿಸಿಯಿಂದ ಆರಂಭವಾದ ಪಯಣ

ಮೋಟಾರು ಕಾರಿನ ಜನಕನೆಂದು ಖ್ಯಾತರಾದ ಕಾರ್ಲ್ ಬೆಂಜ್ 1844ರ ನವೆಂಬರ್ 25ರಂದು ಜರ್ಮನಿಯ ಕಾರ್ಲ್ಸ್‌ರೂಹೆ ಬಳಿ ಜನಿಸಿದರು. ರೈಲು ಎಂಜಿನ್ ಚಾಲಕರಾಗಿದ್ದ ತಂದೆ, ಮಗನಿಗೆ ಎರಡು ವರ್ಷ ತುಂಬುವ ಮುನ್ನವೇ ತೀರಿಕೊಂಡರು. ತಾಯಿ ಬಡತನದಲ್ಲಿಯೂ ಮಗನನ್ನು ಓದಿಸಿದರು.

1871ರಲ್ಲಿ ಮ್ಯಾನ್‌ಹೈಮ್‌ನಲ್ಲಿ ತೆರೆದ ಕಾರ್ಖಾನೆ ಕೈತಪ್ಪುವ ಸ್ಥಿತಿ ಬಂದಾಗ, ಭಾವಿ ಪತ್ನಿ ಬರ್ತಾ ತಮ್ಮ ವರದಕ್ಷಿಣೆಯ ಹಣವನ್ನು ಮುಂಗಡವಾಗಿ ಪಡೆದು ಅದನ್ನು ಉಳಿಸಿದರು.

1886ರ ಜನವರಿ 29ರಂದು ಬೆಂಜ್ ತಮ್ಮ ತ್ರಿಚಕ್ರ ವಾಹನದ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. ಅದರ ಏಕೈಕ ಸಿಲಿಂಡರಿನ ವ್ಯಾಸ 90 ಮಿ.ಮೀ., ಪಿಸ್ಟನ್ ಚಲಿಸುವ ದೂರ 150 ಮಿ.ಮೀ. ಇವನ್ನು ಸೆಂಟಿಮೀಟರಿಗೆ ಪರಿವರ್ತಿಸಿ, ವ್ಯಾಸದ ವರ್ಗವಾದ 81ನ್ನು 15ರಿಂದಲೂ 0.7854ರಿಂದಲೂ ಗುಣಿಸಿದರೆ 954 ಘನ ಸೆಂಟಿಮೀಟರ್, ಅರ್ಥಾತ್ 954 ಸಿಸಿ ದೊರೆಯುತ್ತದೆ. ಒಂದು ಘನ ಅಂಗುಲಕ್ಕೆ 16.387 ಸಿಸಿಯಂತೆ ಇದು ಸುಮಾರು 58 ಘನ ಅಂಗುಲ. ಇಷ್ಟು ಗಾತ್ರದ ಎಂಜಿನ್ ನೀಡಿದ್ದು ಮುಕ್ಕಾಲು ಅಶ್ವಶಕ್ತಿ, ಅಂದರೆ 0.55 ಕಿಲೋವ್ಯಾಟ್ ಮಾತ್ರ.

ಕೊಳ್ಳುವವರು ಮುಂದೆ ಬರಲಿಲ್ಲ. 1888ರ ಆಗಸ್ಟ್‌ನಲ್ಲಿ ಬರ್ತಾ ಪತಿಗೆ ತಿಳಿಸದೆ, ಇಬ್ಬರು ಪುತ್ರರೊಡನೆ ಸುಧಾರಿತ ವಾಹನವೇರಿ ನೂರಕ್ಕೂ ಹೆಚ್ಚು ಕಿ.ಮೀ. ದೂರದ ಫೋರ್ಟ್ಸ್‌ಹೈಮ್ ತಲುಪಿದರು. ಯಂತ್ರದ ಸಾಮರ್ಥ್ಯ ಲೋಕಕ್ಕೆ ಮನವರಿಕೆಯಾಯಿತು.

1929ರ ಏಪ್ರಿಲ್ 4ರಂದು ಲಾಡೆನ್‌ಬುರ್ಗ್‌ನಲ್ಲಿ ಬೆಂಜ್ ನಿಧನರಾದರು. ಇಂದಿಗೂ ಎಂಜಿನ್ನಿನ ಸಿಸಿ ಲೆಕ್ಕ ಹಾಕುವುದು ಇದೇ ಸೂತ್ರದಿಂದ.